ಚನ್ನಪ್ಪನವರು ಹೋಲಿಸಲು ತಂದ ಮೂರು ಪ್ಲೇಯರ್‌ಗಳು

2018ರಲ್ಲಿ ನಾನು ಇಚಲಕರಂಜಿಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಕಿವಿಗೆ ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಬೇಕಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವುದು ನನ್ನ ಕೆಲಸ. ಗಡಹಿಂಗ್ಲಜದಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಬೆಳೆದವಳು ನಾನು. ಹಾಗಾಗಿ ಸುತ್ತಲಿನ ಹಳ್ಳಿಗಳ ಕನ್ನಡದ ರೋಗಿಗಳು ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಆದರೆ ಚನ್ನಪ್ಪನವರು ರೋಗಿಯಾಗಿ ಬಂದವರಲ್ಲ. ಅವರು ಬಂದದ್ದು ಒಂದು ಜಗಳವನ್ನು ತೀರಿಸಿಕೊಳ್ಳಲು.

ನಮ್ಮ ಕ್ಲಿನಿಕ್ ಮೊದಲ ಮಹಡಿಯಲ್ಲಿತ್ತು. ಕೆಳಗೆ ಹೆಡ್‌ಫೋನ್, ಮೊಬೈಲ್, ಕಿಸೆಯಲ್ಲಿ ಹಿಡಿಯುವ ಮ್ಯೂಸಿಕ್ ಪ್ಲೇಯರ್‌ಗಳನ್ನು ಮಾರುವ ಅಂಗಡಿ. ಒಂದು ಮಧ್ಯಾಹ್ನ ಆ ಅಂಗಡಿಯವರು ಮೆಟ್ಟಿಲು ಹತ್ತಿ ಬಂದರು. ಹಿಂದೆ ಬಿಳಿ ಟೋಪಿಯ, ಅರವತ್ತರ ಹತ್ತಿರದ ಒಬ್ಬ ಗೃಹಸ್ಥರು. ಅವರ ಹಿಂದೆ ಒಬ್ಬ ತರುಣಿ. "ಮ್ಯಾಡಮ್, ಆತಾ ತುಮ್ಹೀಚ್ ಸಾಂಗಾ," ಇನ್ನು ನೀವೇ ಹೇಳಿ ಎಂದು ಅಂಗಡಿಯವರು ಕೈ ಮುಗಿದರು. ಈ ಗಿರಾಕಿ ಪ್ಲೇಯರ್ ಒಯ್ಯುತ್ತಾರೆ, ಸದ್ದು ಸರಿಯಿಲ್ಲ ಎಂದು ತಿರುಗಿ ತರುತ್ತಾರೆ, ಅದಕ್ಕಿಂತ ಒಳ್ಳೆಯದು ಬೇಕು ಎನ್ನುತ್ತಾರೆ. ಈಗ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯದು ಉಳಿದಿಲ್ಲ.

ಗೃಹಸ್ಥರು ಮುಂದೆ ಬಂದು ಕೈಯಲ್ಲಿದ್ದ ಮೂರು ಪ್ಲೇಯರ್‌ಗಳನ್ನು ಮೇಜಿನ ಮೇಲಿಟ್ಟರು. "ನಾ ಚನ್ನಪ್ಪರೀ, ಕೊರೋಚಿಯಾಂವ. ನಮ್ಮವು ಪಾವರ್‌ಲೂಮ್ ಅದಾವ. ಬಾಯಾರ, ನಿಮ್ಮ ಕಡೆ ಸದ್ದು ಅಳಿಯೂ ಮಷೀನ್ ಐತೆಂತ. ಈ ಮೂರರಾಗ ಯಾವುದು ಖರೆ ಚೊಲೊ ಐತಿ, ಒಮ್ಮೆ ಹೇಳಿಬಿಡ್ರಿ." ಎತ್ತರದ ದನಿಯಲ್ಲಿಯೇ ಮಾತಾಡಿದರು. ಕೊರೋಚಿಯಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ; ಮಗ್ಗದ ಸದ್ದಿನ ನಡುವೆ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ.

ನನಗೂ ಕುತೂಹಲವಾಯಿತು. ಒಂದು ಅಗ್ಗದ ಸಣ್ಣ ಪ್ಲೇಯರ್, ಒಂದು ಮೊಬೈಲ್, ಒಂದು ದುಬಾರಿ ಹೈ-ರೆಸಲ್ಯೂಷನ್ ಪ್ಲೇಯರ್. ಹೋಲಿಸುವುದಕ್ಕೆ ಅವರದೇ ಒಂದು ಮೆಮೊರಿ ಕಾರ್ಡ್ ಇತ್ತು. ಅದರಲ್ಲಿದ್ದದ್ದು ಒಂದೇ ಹಾಡು, ಒಬ್ಬ ಹೆಣ್ಣುಮಗಳು ಹಾಡಿದ ತತ್ವಪದ.

"ಇದನ್ನ ಯಾರು ಹಾಡ್ಯಾರ್ರೀ?" ಎಂದು ಕೇಳಿದೆ.

"ಇಕಿನs. ನಮ್ಮ ಸುವರ್ಣಾ." ಅವರು ಪಕ್ಕದ ತರುಣಿಯತ್ತ ಕೈ ತೋರಿಸಿದರು. ಆಕೆ ಕಿಟಕಿಯ ಕಡೆ ನೋಡುತ್ತಿದ್ದಳು.

ನಾನು ಸಲಕರಣೆ ಜೋಡಿಸುವಾಗ ಅವರೇ ಎಲ್ಲ ಹೇಳಿದರು. ಊರಿನ ಭಜನಾ ಮಂಡಳಿಯಲ್ಲಿ ಅವರು ಹಾಡುತ್ತಿದ್ದವರು. ಮಗಳಿಗೆ ಮೊದಲು ಪದ ಕಲಿಸಿದವರೂ ಅವರೇ. ಮುಂದೆ ಆಕೆ ಗಡಹಿಂಗ್ಲಜದಲ್ಲಿ ಒಬ್ಬ ಗುರುಗಳ ಹತ್ತಿರ ವರ್ಷಗಟ್ಟಲೆ ಕಲಿತಳು. ಗುರುಗಳೇ ಮುಂದೆ ನಿಂತು ಕೊಲ್ಹಾಪುರದ ಸ್ಟುಡಿಯೋದಲ್ಲಿ ಈ ಪದ ರೆಕಾರ್ಡ್ ಮಾಡಿಸಿದರು. ಮನೆಗೆ ತಂದು ಹಚ್ಚಿದಾಗ ಚನ್ನಪ್ಪನವರಿಗೆ ಹಿಡಿಸಲಿಲ್ಲ. ಮಾತು ಮಸುಕು, ದನಿಗೆ ಹೊಳಪಿಲ್ಲ. ಮೊದಲು ಸ್ಟುಡಿಯೋದವರನ್ನು ಬೈದರು. ಎದುರಿಗೆ ಕೂರಿಸಿ ಹಾಡಿಸಿದಾಗಲೂ ಹಾಗೆಯೇ ಕೇಳಿತು. ಆಗ ಮಗಳಿಗೇ ಹೇಳಿದರು: "ಮಾತು ಬಾಯಾಗs ಉಳದು ಹೊಕ್ಕಾವು. ಸಣ್ಣಾಕಿ ಇದ್ದಾಗಿನ ಧ್ವನಿ ಹೋತು ನಿಂದು." ಸ್ವಲ್ಪ ದಿನಗಳಲ್ಲೇ ಸುವರ್ಣಾ ಗಡಹಿಂಗ್ಲಜಕ್ಕೆ ಹೋಗುವುದನ್ನು ನಿಲ್ಲಿಸಿದಳು. ಮದುವೆಯಾಗಿ ಮುರಗೂಡಕ್ಕೆ ಹೋದಳು. ಈಗ ಅಲ್ಲಿನ ಒಂದು ಶಾಲೆಯಲ್ಲಿ ಶಿಕ್ಷಕಿ. ತವರಿಗೆ ಬಂದಿದ್ದಾಗ ತಂದೆ ಕರೆದರೆಂದು ಜೊತೆಗೆ ಬಂದಿದ್ದಳು.

"ಚೊಲೊ ಪ್ಲೇಯರ್ ಸಿಕ್ಕರ ಇಕಿ ಮೊದಲಿನ ಧ್ವನಿ ಅದರಾಗ ಕೇಳ್ತೈತೇನೋ ಅಂತ ನನಗ ಆಸೆ ಐತ್ರೀ," ಎಂದರು ಚನ್ನಪ್ಪನವರು.

ಪ್ಲೇಯರ್‌ಗಳನ್ನು ಹೋಲಿಸುವುದಕ್ಕೆ ಒಂದು ಕ್ರಮವಿದೆ. ಹೆಚ್ಚು ಜೋರಾಗಿ ಕೇಳಿದ್ದೇ ಒಳ್ಳೆಯದು ಎಂದು ಕಿವಿ ಮೋಸಹೋಗುತ್ತದೆ. ಅದಕ್ಕೆ ಮೊದಲು ಮೀಟರ್ ಹಿಡಿದು ಮೂರರ ಸದ್ದನ್ನೂ ಒಂದೇ ಮಟ್ಟಕ್ಕೆ ತರಬೇಕು. ಹೆಡ್‌ಫೋನ್ ಒಂದೇ ಇರಬೇಕು. ಈಗ ಹಾಡುತ್ತಿರುವುದು ಯಾವುದು ಎಂದು ಕೇಳುವವರಿಗೆ ತಿಳಿಯಬಾರದು. ನಾನು ಹಾಗೆಯೇ ಮಾಡಿದೆ. ಮೊದಲು ಅಂಗಡಿಯವರು ಕೇಳಿದರು, ಆಮೇಲೆ ನಾನು ಕೇಳಿದೆ. ಅಗ್ಗದ ಪ್ಲೇಯರಿನಲ್ಲಿ ಹಾಡಿನ ಹಿಂದೆ ಸಣ್ಣಗೆ ಸುಯ್ ಎನ್ನುವ ಸದ್ದಿತ್ತು, ಮೇಲಿನ ಸ್ವರಗಳು ಮಂಕಾಗಿದ್ದವು. ಉಳಿದ ಎರಡರಲ್ಲಿ ವ್ಯತ್ಯಾಸ ಬಹಳ ಕಡಿಮೆ. ಆದರೆ ಮೂರರಲ್ಲೂ ಹಾಡು ಚೆನ್ನಾಗಿತ್ತು. ಚೆನ್ನಾಗಿತ್ತು ಎನ್ನುವುದು ಕಡಿಮೆಯೇ ಆಯಿತು. ಮಾತುಗಳು ಬಿಡಿಬಿಡಿಯಾಗಿ, ನೀರಿನಲ್ಲಿ ತೊಳೆದಿಟ್ಟ ಹಾಗೆ ಕೇಳುತ್ತಿದ್ದವು. ನಾನು ಸುವರ್ಣಾಳ ಮುಖ ನೋಡಿದೆ. ಆಕೆ ಹೆಡ್‌ಫೋನ್ ಮುಟ್ಟಲು ಒಪ್ಪಲಿಲ್ಲ.

ಚನ್ನಪ್ಪನವರು ಕಣ್ಣು ಮುಚ್ಚಿ ಕೇಳಿದರು. ಮೂರನ್ನೂ ಮತ್ತೆ ಹಾಕಿಸಿ ಕೇಳಿದರು. ಕೊನೆಗೆ ಹೆಡ್‌ಫೋನ್ ತೆಗೆದು, "ಮೂರೂ ಒಂದs ಥರ ಅದಾವ್ರೀ. ಮೂರೂ ಮಬ್ಬs," ಎಂದರು.

ಅಗ್ಗದ ಪ್ಲೇಯರಿನ ಆ ಸುಯ್ ಸದ್ದು ಕೂಡ ಅವರಿಗೆ ಕೇಳಿಸಿರಲಿಲ್ಲ. "ಮಾಮಾ, ಪ್ಲೇಯರ್ ಇರ್ಲಿ. ಒಮ್ಮೆ ನಿಮ್ಮ ಕಿವಿ ನೋಡೂಣ್ರಿ," ಎಂದೆ. ಅವರು ನಕ್ಕರು. "ನನ್ನ ಕಿವೀಗಿ ಏನಾಗೇತ್ರೀ? ನೀವು ಅಂದದ್ದೆಲ್ಲಾ ಕೇಳಾಕತ್ತೈತಲ್ಲ?" ಆದರೂ ಬಂದು ಹೊರಗಿನ ಸದ್ದು ನುಗ್ಗದ ಕೋಣೆಯೊಳಗೆ ಕುಳಿತರು.

ಪರೀಕ್ಷೆಯ ನಕ್ಷೆಗೆ ಆಡಿಯೋಗ್ರಾಮ್ ಎನ್ನುತ್ತಾರೆ. ಕೆಳಗಿನ ಸ್ವರಗಳಲ್ಲಿ ಅವರ ಗೆರೆ ಬಹುತೇಕ ಸರಿಯಾಗಿಯೇ ಬಂತು. ಮೂರು ಸಾವಿರ ಹರ್ಟ್ಜ್ ದಾಟಿದ ಕೂಡಲೇ ಬಾವಿಗೆ ಇಳಿದಂತೆ ಕೆಳಗಿಳಿಯಿತು. ಜೀವನವಿಡೀ ಮಗ್ಗದ ಶೆಡ್ಡಿನಲ್ಲಿ ದುಡಿದವರ ಕಿವಿ ಹೀಗೆಯೇ ಹೋಗುತ್ತದೆ. ಒಮ್ಮೆಲೇ ಅಲ್ಲ, ಕಣ್ತಪ್ಪಿಸಿಕೊಂಡು ಹೋದ ಹಾಗೆ. ಎದುರಿನವರ ಮಾತು ಕೇಳುತ್ತದೆ. ಬಾಯಿ ನೋಡಿ ಉಳಿದದ್ದನ್ನು ಊಹಿಸುತ್ತಾರೆ. ಹೋಗುವುದು ಸ, ಶ, ಚ, ತಗಳ ಅಂಚು, ಮತ್ತು ಹೆಣ್ಣು ದನಿಯ ಹೊಳಪು.

ನಕ್ಷೆ ಹಿಡಿದು ಇಬ್ಬರ ಎದುರಿಗೂ ಇದನ್ನು ವಿವರಿಸಿದೆ. ಚನ್ನಪ್ಪನವರು ಗೆರೆ ಕೆಳಗಿಳಿದ ಕಡೆ ಬೆರಳಿಟ್ಟರು.

"ಇದು ಯಾವಾಗಿಂದ ಆಗಿದ್ದೀತ್ರೀ ಬಾಯಾರ?"

"ಭಾಳ ವರ್ಷ ಆಗಿರಬೇಕ್ರಿ. ಹಗೂರ್ಕ ಆಗ್ತೈತಿ, ಗೊತ್ತಾಗೂದಿಲ್ಲ."

ಅವರು ಮಗಳ ಕಡೆ ತಿರುಗಿದರು. "ಅಂದ್ರ ನೀ ಬರೋಬರ್ ಹಾಡಿದ್ದಿ?"

ಸುವರ್ಣಾ ಮೆಲ್ಲಗೆ ಹೇಳಿದಳು: "ನನಗ ಚೊಲೊನs ಕೇಳಾಕತ್ತಿತ್ತಪ್ಪಾ. ನೀ ಅಂದಿ ಅಂತ, ನನ್ನ ಕಿವೀನs ಸುಳ್ಳಂತ ತಿಳ್ಕೊಂಡ್ನಿ."

ಅದು ಎಷ್ಟು ಮೆಲುದನಿಯಲ್ಲಿ ಬಂತೆಂದರೆ ಚನ್ನಪ್ಪನವರಿಗೆ ಕೇಳಿಸಲಿಲ್ಲ. "ಏನಂದಿ?" ಎಂದು ಮುಂದಕ್ಕೆ ಬಾಗಿದರು. ಆಕೆ ತಲೆಯಾಡಿಸಿ, ಏನಿಲ್ಲ ಎಂದು ಕೈ ಮಾಡಿದಳು. ಅವರು ನನ್ನನ್ನು ಕೇಳಿದರು. ಬೇರೆ ದಾರಿಯಿಲ್ಲದೆ ಆ ಮಾತನ್ನು ನಾನೇ ಜೋರಾಗಿ ಹೇಳಬೇಕಾಯಿತು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಭಾರವಾದ ಮಾತನ್ನು ನಾನು ಯಾರ ಕಿವಿಗೂ ಮುಟ್ಟಿಸಿಲ್ಲ.

ಅಂಗಡಿಯವರು ಪ್ಲೇಯರ್‌ಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಕೆಳಗಿಳಿದರು.

ಕೆಲವು ವಾರಗಳ ಮೇಲೆ ಚನ್ನಪ್ಪನವರಿಗೆ ಎರಡೂ ಕಿವಿಗೆ ಶ್ರವಣಯಂತ್ರ ಹೊಂದಿಸಿದೆ. ಆ ದಿನ ಸುವರ್ಣಾಳನ್ನೂ ಕರೆಸಿಕೊಂಡಿದ್ದರು. ರೆಕಾರ್ಡ್ ಹಾಕಿದೆವು. ಮಾತುಗಳು ಈಗ ತಿಳಿಯುತ್ತವೆ ಎಂದರು. ಆದರೆ ದನಿ ತಗಡು ಬಡಿದ ಹಾಗೆ ಕೇಳುತ್ತದೆ ಎಂದು ಹಣೆ ಹಿಡಿದುಕೊಂಡರು. ಯಂತ್ರ ಸದ್ದನ್ನು ದೊಡ್ಡದು ಮಾಡಿಕೊಡಬಲ್ಲದು. ಕಿವಿಯೊಳಗೆ ಸತ್ತುಹೋದ ಸೂಕ್ಷ್ಮ ಕೋಶಗಳನ್ನು ಅದು ಬದುಕಿಸಲಾರದು. ರೂಢಿಯಾದರೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ ಎಂದು ಹೇಳಿದೆ.

"ಹಂಗಾರ ನೀನs ಹಾಡವಾ, ಇಲ್ಲೇ," ಎಂದರು ಮಗಳಿಗೆ.

ಸುವರ್ಣಾ ಹಾಡಿದಳು. ಮೊದಲ ಸಾಲು ಸರಿಯಾಗಿಯೇ ಬಂತು. ಮೇಲಿನ ಸ್ವರಕ್ಕೆ ಏರುವಾಗ ದನಿ ಒಡೆಯಿತು. ರಿಯಾಜ್ ಬಿಟ್ಟು ವರ್ಷಗಳಾಗಿದ್ದವು. ಮತ್ತೊಮ್ಮೆ ಏರಿದಳು, ಮತ್ತೆ ಒಡೆಯಿತು. "ಸಾಕಪ್ಪಾ," ಎಂದು ನಿಲ್ಲಿಸಿದಳು. ಈ ಸಲ ಚನ್ನಪ್ಪನವರಿಗೆ ಸರಿಯಾಗಿಯೇ ಕೇಳಿತ್ತು. ಆದರೂ, "ಭಾಳ ಚೊಲೊ ಹಾಡಿದಿ," ಎಂದರು. ಅದು ಸುಳ್ಳೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮರುವರ್ಷ ನಾನು ಸ್ವಂತ ಕ್ಲಿನಿಕ್ ತೆರೆಯಲು ಕೊಲ್ಹಾಪುರಕ್ಕೆ ಹೋಗುವ ಮುಂಚೆ ಯಂತ್ರದ ತಪಾಸಣೆಗೆ ಅವರು ಇನ್ನೊಮ್ಮೆ ಬಂದಿದ್ದರು. ಶೆಡ್ಡಿನ ಕೆಲಸಗಾರರಿಗೆಲ್ಲ ಕಿವಿಗೆ ಹಾಕಿಕೊಳ್ಳುವ ಪ್ಲಗ್ ಕೊಡಿಸಿದ್ದಾಗಿ ಹೇಳಿದರು. ಸುವರ್ಣಾ ಹಾಡುತ್ತಾಳೆಯೇ ಎಂದು ಕೇಳಿದೆ. "ಸಾಲ್ಯಾಗಿನ ಹುಡಿಗ್ಯಾರಿಗೆ ಕಲಸ್ತಾಳಂತ್ರೀ. ತಾ ಹಾಡೂದಿಲ್ಲ," ಎಂದು ಎದ್ದುಹೋದರು.

ಈಗ ಕೊಲ್ಹಾಪುರದ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ಕಿವಿಯ ಮೇಲೆ ದೂರು ಹೇಳುವುದಿಲ್ಲ. ಹೆಂಡತಿ ಮಾತನ್ನು ನುಂಗುತ್ತಾಳೆ ಎನ್ನುತ್ತಾರೆ, ಸೊಸೆ ಬಾಯಿಬಿಟ್ಟು ಮಾತಾಡುವುದಿಲ್ಲ ಎನ್ನುತ್ತಾರೆ, ಟಿವಿ ಕೆಟ್ಟಿದೆ ಎನ್ನುತ್ತಾರೆ. ಕಿವಿ ತನ್ನ ಕೊರತೆಯನ್ನು ತಾನು ಕಾಣಲಾರದು. ಅದನ್ನು ಹಾಡುವವರ ಮೇಲೆ, ಮಾತಾಡುವವರ ಮೇಲೆ ಹೊರಿಸುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಅದಕ್ಕೇ ಪರೀಕ್ಷೆಗೆ ಕೂರಿಸುವ ಮುಂಚೆ ಅವರಿಗೊಂದು ಪ್ರಶ್ನೆ ಕೇಳುತ್ತೇನೆ: "ಇದನ್ನ ಅವರ ಮುಂದ ಅಂದುಬಿಟ್ಟೀರೇನ್ರೀ?"

ಬಹುತೇಕ ಎಲ್ಲರೂ ಅಂದುಬಿಟ್ಟಿರುತ್ತಾರೆ.