ತೊಳೆಯದ ಕೈ ಹೆಪ್ಪು ಮುಟ್ಟದು

ಗಚ್ಚಿಬೌಲಿಯ ಗಾಜಿನ ಕಟ್ಟಡಗಳ ಹಿಂದೆ ಒಂದು ತಗಡಿನ ಶೆಡ್ಡು. ಬೆಳಕು ಹರಿಯುವ ಮೊದಲೇ ಬಂಡೆಮ್ಮ ಈಳಿಗೆಯ ಮುಂದೆ ಕೂತಿದ್ದಾರೆ. ಕಟ್ಲಾ ಮೀನು ಸೀಳಿ, ತೊಳೆದು, ತುಂಡುಗಳನ್ನು ನೀಲಿ ಡ್ರಮ್ಮಿನ ಮಬ್ಬು ನೀರಿನಲ್ಲಿ ಅದ್ದಿ ಮಂಜುಗಡ್ಡೆಯ ಮೇಲೆ ಹರಡುತ್ತಾರೆ. ಆ ನೀರಿನಲ್ಲಿರುವುದು ಮೊಸರು ಮಾಡುವ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ. ಮೀನಿನ ಮೇಲೆ ಅದು ಮೊದಲು ಜಾಗ ಹಿಡಿದರೆ ಕೊಳೆಸುವ ಜಾತಿ ಸುಲಭಕ್ಕೆ ಬೆಳೆಯದು. ತಂಪಿನಲ್ಲಿಟ್ಟ ಮೀನು ಇನ್ನಷ್ಟು ದಿನ ತಾಳುತ್ತದೆ. ಬಂಡೆಮ್ಮನ ಬಾಯಲ್ಲಿ ಆ ನೀರು 'ಹೆಪ್ಪು'.

ಶಹಾಪುರ ಕಡೆಯವರು. ಇದೇ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಬೆನ್ನು ಹೋದ ಮೇಲೆ ಮೀನಿನ ಕೆಲಸ ಹಿಡಿದರು. ಹೆಪ್ಪು ಬೆಳೆಸಲು ಮಾಲೀಕ ಎ.ಸಿ. ಕೋಣೆ ಕಟ್ಟಿಸಿದ್ದಾನೆ, ನಲ್ಲಿ ಹಾಕಿಸಿದ್ದಾನೆ, ಬೀಗವನ್ನೂ ಜಡಿದಿದ್ದಾನೆ. ಮೀನು ಕತ್ತರಿಸುವ ಹೆಂಗಸರಿಗೆ ಒಂದು ಕಕ್ಕಸು ಕಟ್ಟಿಸಲು ಮಾತ್ರ ಜಾಗವಿಲ್ಲವಂತೆ! ಅವರು ತಂಬಿಗೆ ಹಿಡಿದು ಹಿಂದಿನ ಪೊದೆಗೆ ಹೋಗಬೇಕು. ಪ್ಯಾಕೆಟ್ಟಿನ ಮೇಲೆ 'ಸುರಕ್ಷಿತ ಮೀನು' ಎಂಬ ಅಚ್ಚು ಬೇರೆ. ಕೈ ಕೆಸರಾದರೆ ಬಾಯಿ ಮೊಸರಂತೆ. ಇಲ್ಲಿ ಕೆಸರು ಇವರ ಕೈಗೆ, ಮೊಸರು ಇನ್ಯಾರದೋ ಬಾಯಿಗೆ. ನೋಡಿದರೆ ಮೈ ಉರಿಯುತ್ತದೆ.

ಕಳೆದ ವಾರ ಪೊದೆಯಿಂದ ಬಂದ ಬಂಡೆಮ್ಮ ಕೈ ತೊಳೆಯಲು ನಲ್ಲಿಯ ನೀರು, ಸಾಬೂನು ಕೇಳಿದರು. ಮೇಸ್ತ್ರಿ ಅಂಬಾದಾಸ ನಕ್ಕ.

"ಡ್ರಮ್ಮಿನ್ಯಾಗ ಒಳ್ಳೇ ಹುಳ ಅದಾವಲ್ಲ, ಕೆಟ್ಟವನ್ನ ಅವೇ ನೋಡ್ಕೋತಾವ. ಕೈ ಹಾಕು, ಗಾಡಿ ನಿಂತೈತಿ."

ಎಂಥ ಮಾತು! ಹೆಪ್ಪೇನು ಮಂತ್ರದ ನೀರೇ, ಹೊಲಸು ಕೈಯ ಪಾಪವನ್ನೆಲ್ಲ ತೊಳೆಯಲು?

ಬಂಡೆಮ್ಮ ಕೈಗಳನ್ನು ಡ್ರಮ್ಮಿನಿಂದ ದೂರ ಹಿಡಿದು ಕೂತೇಬಿಟ್ಟರು. "ತೊಳೀಲಾರದ ಕೈಲೆ ಹೆಪ್ಪು ಮುಟ್ಟಿದ್ರ ನಮ್ಮತ್ತಿ ಗಡಿಗಿ ಹಾಲ ಚೆಲ್ತಿದ್ಲು. ಇದನ್ನ ಮಂದಿ ತಿಂತಾರ್ರಿ. ನೀರು ಕೊಡ್ರಿ, ಇಲ್ಲಾ ನೀವ ಕೈ ಹಾಕ್ರಿ."

ಪಕ್ಕದ ಸುಂದರಾಬಾಯಿ ಈಳಿಗೆ ಮಡಚಿದರು. ಉಳಿದವರೂ ಮಡಚಿದರು. ಮೀನು ಬರಲಿಲ್ಲವೆಂದು ಅಪಾರ್ಟ್‌ಮೆಂಟುಗಳಿಂದ ಫೋನಿನ ಮೇಲೆ ಫೋನು. ಕೊನೆಗೆ ಕೋಣೆಯ ಬೀಗ ತೆರೆಯಿತು. ನಲ್ಲಿಯೂ ಸಿಕ್ಕಿತು, ಸಾಬೂನೂ ಸಿಕ್ಕಿತು. ಮಾಲೀಕನಿಗೆ ಬುದ್ಧಿ ಬಂತೆಂದುಕೊಳ್ಳಬೇಡಿ. ಇನ್ನೊಮ್ಮೆ ಹೀಗೆ ಕೂತರೆ ಗೇಟಿನಾಚೆ ಹಾಕುತ್ತೇನೆಂದು ಎಲ್ಲರೆದುರು ಗದರಿದ್ದಾನೆ.

ಆದರೂ ಬಂಡೆಮ್ಮ ಈಗ ಕಕ್ಕಸು ಕೇಳುತ್ತಿದ್ದಾರೆ. "ಹುಳಕ್ಕ ಮನಿ ಕಟ್ಟ್ಯಾನ, ನಮಗ ನಾಕು ಗ್ವಾಡಿ ಕಟ್ಟಾಕ ಏನ್ ಧಾಡಿ?"

ಹೆದರಿಕೆಯಿಲ್ಲವೇ ಎಂದರೆ, ಮೀನಿನ ಹುರುಪೆ ಕೆರೆಯುತ್ತಲೇ ಉತ್ತರಿಸುತ್ತಾರೆ:

"ಅಂಜಿಕಿ ಭಾಳ ಐತ್ರಿ. ಕೆಲಸ ಹೋದ್ರ ಮತ್ತೊಂದು ಹುಡುಕೇನು. ಹೊಲಸು ಕೈ ಮಾತ್ರ ಮಂದಿ ತಿನ್ನೂದ್ರಾಗ ಹಾಕಂಗಿಲ್ಲ."