ಅರಿಸಿನವಿಲ್ಲದ ಕಾರ್ಡು

ರಾಗಿ ಬೀಸುವ ಕಲ್ಲಿಗೆ ಎರಡು ಸದ್ದು. ಹಿಡಿ ರಾಗಿ ಆಗಷ್ಟೇ ಬಾಯಿಗೆ ಬಿದ್ದಿದ್ದರೆ ಗುರ್ರೆಂದು ದಪ್ಪಗೆ. ಕಾಳು ತೀರುತ್ತಾ ಬಂದರೆ ಕಲ್ಲಿಗೆ ಕಲ್ಲು ತಾಗಿ ಸಣ್ಣಗೆ ಕರಕರ. ಹೊಳೆನರಸೀಪುರದಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೆ ಅಂಟಿಕೊಂಡ ಪುಟ್ಟ ಹೆಂಚಿನ ಮನೆಯಿಂದ ಬೆಳಗಿನ ಹೊತ್ತು ಆ ಸದ್ದು ಬರುತ್ತಿತ್ತು. ಅದರ ಮೇಲೆ ಒಬ್ಬ ಹೆಂಗಸಿನ ನಿಲ್ಲದ ಮಾತು. ಆಕೆ ಕಲ್ಲಿನ ಜೊತೆ, ಕೋಳಿಗಳ ಜೊತೆ, ಯಾರೂ ಸಿಗದಿದ್ದರೆ ಸತ್ತುಹೋದ ಗಂಡನ ಜೊತೆ ಮಾತಾಡುತ್ತಿದ್ದಳು. ನಾನು ಆಕೆಯನ್ನು ದೊಡ್ಡವ್ವ ಅನ್ನುತ್ತಿದ್ದೆ.

ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಟ್ರಾನ್ಸ್‌ಫರ್ ಆದಂತೆಲ್ಲ ನಮ್ಮ ಟ್ರಂಕುಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿದವು. ನನ್ನನ್ನು ಮಾತ್ರ ಹಾಸನದಲ್ಲಿ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ರಜೆಗೆ ಮನೆಗೆ ಬಂದರೆ ಬೀದಿಯ ಹೆಂಗಸರಿಗೆಲ್ಲ ಕಾಗದ ಬರೆದುಕೊಡುವವಳು ನಾನೇ. ನನಗಾಗ ಹದಿನಾಲ್ಕು. ನನ್ನ ಹ್ಯಾಂಡ್‌ರೈಟಿಂಗಿಗೆ ಬಹುಮಾನ ಬಂದಿತ್ತು, ಅದು ತಲೆಗೂ ಏರಿತ್ತು.

ಈಗ ಎಂಬತ್ತು ದಾಟಿದೆ. ನನ್ನ ಕತೆಗಳನ್ನೆಲ್ಲ ಸೇರಿಸಿ ಒಂದು ದಪ್ಪ ಪುಸ್ತಕ ಮಾಡುತ್ತೇವೆಂದು ಪ್ರಕಾಶಕರು ಪ್ರೂಫ್ ಕಳಿಸಿದ್ದಾರೆ. ಮೊದಲ ಕತೆಯೇ ದೊಡ್ಡವ್ವನದು. ಅದರಲ್ಲಿ ಒಂದು ಸುಳ್ಳಿದೆ. ಪುಸ್ತಕ ಅಚ್ಚಾಗುವ ಮೊದಲು ಸರಿಮಾಡೋಣವೆಂದು ತಿಂಗಳುಗಟ್ಟಲೆ ಕೂತೆ. ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನಾದರೂ ಬರೆದಿಡೋಣ ಅನ್ನಿಸಿತು.

ದೊಡ್ಡವ್ವನಿಗೆ ಒಬ್ಬಳೇ ಮಗಳು. ದಂಡಿಗನಹಳ್ಳಿಯ ಕಡೆ ಕೊಟ್ಟಿದ್ದಳು. ಮದುವೆಯ ದಿನವೇ ನಾಲ್ಕು ಜನರ ಮುಂದೆ ಅಳಿಯನನ್ನು ಸೋಮಾರಿ ಅಂದುಬಿಟ್ಟಿದ್ದರಿಂದ ಮಗಳು ಎರಡು ವರ್ಷ ತವರಿನ ಕಡೆ ತಲೆ ಹಾಕಿರಲಿಲ್ಲ. ಈಗ ಅವಳಿಗೆ ಏಳು ತಿಂಗಳೆಂದು ಸುದ್ದಿ ಬಂದಿತ್ತು. ಚೊಚ್ಚಲ ಬಾಣಂತನ ತವರಿನದು. ಮಗಳನ್ನು ಕರೆಯಲು ಕಾರ್ಡು ಬರೆಯಬೇಕು. ಬೀಸುವುದನ್ನು ನಿಲ್ಲಿಸದೆ ಆಕೆ ಹೇಳಿದಳು, ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ.

"ಬರಿ ಮಗ. ಕೆಂದ್ ಅಸ ಕರ ಆಕ್ತು, ಎಣ್ಗರ ಅಂತ ಬರಿ. ಮೆಣಸು, ಬೆಳ್ಳುಳ್ಳಿ, ಓಮ ಎಲ್ಲ ಮಡಗಿವ್ನಿ. ಮಂಚದ ಅಗ್ಗ ಬಿಗಿಸ್ದೆ. ನಿನ್ ಗಂಡನ್ ಇಸ್ಯ ಒಂದ್ ಮಾತೂ ಎತ್ತಾಕಿಲ್ಲ ಕಣೆ, ಎತ್ತುದ್ರೆ ನನ್ ಬಾಯಿಗೆ ಬಿಸಿ ಮುದ್ದೆ ತುರುಕು ಅಂತ ಬರಿ."

"ಅದೆಲ್ಲ ಬರೆಯೋಕಾಗಲ್ಲ ದೊಡ್ಡವ್ವ. ಕಾರ್ಡಲ್ಲಿ ಜಾಗ ಇಲ್ಲ."

"ಸಣ್ಣಕ್ ಬರಿ. ನಿಮ್ ಇಸ್ಕೂಲಲ್ಲಿ ಅದೂ ಯೋಳ್ಕೊಟ್ಟಿಲ್ವಾ?"

ನಾನು ಮಾರ್ಜಿನ್ ಬಿಟ್ಟು ಬರೆದೆ. ಪ್ರಿಯ ಮಗಳಿಗೆ ಆಶೀರ್ವಾದಗಳು, ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಆಗಮನವನ್ನು ತುಂಬುಹೃದಯದಿಂದ ನಿರೀಕ್ಷಿಸುತ್ತಿದ್ದೇನೆ. ಹೆಣ್ಣುಗರು ಹಾಕಿದ ಕೆಂದು ಹಸುವೂ ಇಲ್ಲ, ಮುದ್ದೆಯೂ ಇಲ್ಲ. ಇಂಪ್ರೂವ್ ಮಾಡಿದ್ದೇನೆಂದೇ ನಂಬಿದ್ದೆ. ಓದಿ ಹೇಳಿದಾಗ ಆಕೆ ಕಲ್ಲು ನಿಲ್ಲಿಸಿ ಕೇಳಿಸಿಕೊಂಡಳು. "ಪುಸ್ತಕ್ದಂಗೈತೆ. ಇರ್ಲಿ ಬುಡು. ನಾಕು ಮೂಲೇಗೂ ಅರಿಸಿನ ಅಚ್ಚಿ ಡಬ್ಬಕ್ಕಾಕು. ನನ್ ಕೈಲಿ ಬ್ಯಾಡ, ನೀನೇ ಅಚ್ಚು" ಅಂದಳು. ಗಂಡನಿಲ್ಲದ ಕೈ ಅರಿಸಿನ ಮುಟ್ಟಬಾರದೆಂದು ಆಕೆಯ ಲೆಕ್ಕ.

ಶುಭದ ಕಾಗದಕ್ಕೆ ಮೂಲೆಯಲ್ಲಿ ಅರಿಸಿನ ಇರಲೇಬೇಕು. ಬೋಳಾಗಿ ಹೋಗುವುದು ಸಾವಿನ ಕಾಗದ. ಅದನ್ನು ಹೊಸ್ತಿಲಾಚೆ ನಿಂತು ಓದಿ ಹರಿದುಹಾಕುತ್ತಾರೆ. ಬಸುರಿಗೆ ಬರೆದದ್ದಂತೂ ಬೋಳಾಗಿ ಹೋಗಬಾರದು. ಇದೆಲ್ಲ ನನಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಅರಿಸಿನದ ಡಬ್ಬಿ ತೆಗೆದು ಬೆರಳೂ ಅದ್ದಿದೆ. ಆಮೇಲೆ ಕಾರ್ಡು ನೋಡಿದೆ. ಎಷ್ಟು ನೀಟಾಗಿತ್ತು. ಕಾಂಪೊಸಿಷನ್ ಬುಕ್ಕಿನಲ್ಲಿ ಒಂದು ಕಲೆ ಬಿದ್ದರೆ ಸಿಸ್ಟರ್ ಎರಡು ಮಾರ್ಕು ಕಳೆಯುತ್ತಿದ್ದರು ಎಂದು ಬಹಳ ಕಾಲ ನೆಪ ಹೇಳಿಕೊಂಡಿದ್ದೇನೆ. ನನ್ನ ಅಕ್ಷರ ನನಗೇ ಅಷ್ಟು ಚೆಂದ ಕಂಡಿತ್ತು, ಅಷ್ಟೇ. ಬೆರಳು ಒರೆಸಿಕೊಂಡು ಕಾರ್ಡನ್ನು ಟಪಾಲು ಡಬ್ಬಕ್ಕೆ ಹಾಕಿ ಬಂದೆ.

ಮಗಳು ಬರಲಿಲ್ಲ. ಸಂತೆಗೆ ಬಂದ ಆ ಕಡೆಯವರೊಬ್ಬರು ಸುದ್ದಿ ತಂದರು. ಬೋಳು ಕಾರ್ಡನ್ನು ಅತ್ತೆ ಒಳಗೆ ತರಗೊಡಲಿಲ್ಲವಂತೆ. ಜಗಲಿಯ ಕೆಳಗೆ ನಿಂತು ಮೇಷ್ಟರು ಓದಿದರಂತೆ. ಕೇಳಿದ ಮಗಳು, "ಇದು ನಮ್ಮವ್ವನ್ ಮಾತಲ್ಲ. ಊರೋರ್ ಬಾಯಿ ಮುಚ್ಸಕೆ ಯಾರ್ ಕೈಲೋ ಬರ್ಸವ್ಳೆ" ಎಂದು ಒಳಗೆ ಹೋದಳಂತೆ.

ದೊಡ್ಡವ್ವ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಮೊಣಕೈವರೆಗೂ ಹಿಟ್ಟು.

"ಅರಿಸಿನ ಅಚ್ಚಿದ್ದಾ ಮಗ?"

"ಹಚ್ಚಿದ್ದೆ."

"ಮತ್ತೆ ಎಲ್ಲೋಯ್ತು?"

"ಮಳೆ ಅಲ್ವಾ ದೊಡ್ಡವ್ವ. ಟಪಾಲು ಚೀಲದಲ್ಲಿ ನೆಂದು ತೊಳ್ಕೊಂಡು ಹೋಗಿರತ್ತೆ."

ಆಕೆ ಮೊಣಕೈಯ ಹಿಟ್ಟು ಉಜ್ಜಿ ಉದುರಿಸಿದಳು. "ಅಂಗೇ ಇರ್ಬೇಕು ಬುಡು" ಅಂದಳು. ಇನ್ನೊಂದು ಕಾರ್ಡು ಬರೆಯಲೇ ಎಂದೆ. "ಬ್ಯಾಡ. ಎರಡೆರಡು ಸಲ ಕರುದ್ರೆ ಅತ್ತೆ ಮುಂದೆ ಅವ್ಳಿಗೇ ಅಗುರ." ಆ ಮಗು ಅಪ್ಪನ ಊರಿನಲ್ಲೇ ಹುಟ್ಟಿತು. ತಾಯಿ ಮಗು ಸುಖವಾಗಿದ್ದರು. ಕೂಡಿಟ್ಟಿದ್ದ ಬೆಳ್ಳುಳ್ಳಿ ಮೊಳಕೆ ಬರತೊಡಗಿದಾಗ ಆಕೆ ತಂದು ನಮ್ಮಮ್ಮನಿಗೆ ಕೊಟ್ಟಳು. ನಮ್ಮ ಮನೆಯ ಸಾರಿನಲ್ಲಿ ಅದನ್ನು ಹದಿನೈದು ದಿನ ತಿಂದೆವು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅರಕಲಗೂಡಿನಲ್ಲಿ ಟೀಚರ್ ಆಗಿದ್ದೆ. ಅಲ್ಲಿ ಬರೆದ ಮೊದಲ ಕತೆ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಹುಡುಗಿ ಭಕ್ತಿಯಿಂದ ನಾಲ್ಕು ಮೂಲೆಗೂ ಅರಿಸಿನ ಹಚ್ಚುತ್ತಾಳೆ, ಮಳೆ ತೊಳೆಯುತ್ತದೆ. ಒಂದೂವರೆ ಪುಟ ಬರೀ ಮಳೆ. ಓದುಗರ ಕಾಗದಗಳೆಲ್ಲ ಆ ಮಳೆಯ ಬಗ್ಗೆಯೇ. ದೊಡ್ಡವ್ವನಿಗೆ ಹೇಳಿದ ಸುಳ್ಳಿಗೆ ಬಣ್ಣ ಹಚ್ಚಿ ಊರಿಗೆಲ್ಲ ಹಂಚಿದ್ದೆ, ನಾನು ಲೇಖಕಿಯಾಗಿದ್ದೆ.

ಈಗ ತಿದ್ದಲು ಕೂತರೆ ದಿನಕ್ಕೆ ಅರ್ಧ ಗಂಟೆಗಿಂತ ಕಣ್ಣು ಓಡುವುದಿಲ್ಲ. ಸೊಂಟ ಹಿಡಿಯುತ್ತದೆ. ಆದರೆ ವಯಸ್ಸಿನ ಮೇಲೆ ಗೂಬೆ ಕೂರಿಸಲು ಮನಸ್ಸು ಒಪ್ಪುತ್ತಿಲ್ಲ. ಅರಿಸಿನ ಹಚ್ಚಲಿಲ್ಲ ಎಂದು ಒಂದು ಸಾಲಿನಲ್ಲಿ ಬರೆದುಬಿಡಬಹುದು, ಬರೆದೂ ಇದ್ದೇನೆ. ಕತೆ ಅಲ್ಲೇ ಕುಸಿದು ಕೂರುತ್ತದೆ. ಮಳೆ ತೆಗೆದ ಜಾಗದಲ್ಲಿ ದೊಡ್ಡವ್ವ ಬಂದು ಮಾತಾಡಬೇಕು. ಆ ದಿನಗಳಲ್ಲಿ ಆಕೆ ಆಡಿದ ಮಾತು ನನಗೆ ನೆನಪಿರುವುದು ಮೇಲೆ ಬರೆದಷ್ಟು. ಅದರ ಮುಂದಿನ ಒಂದು ಮಾತನ್ನು ನಾನು ಕಟ್ಟಲು ಹೋದರೆ ಅದು ಬೋರ್ಡಿಂಗಿನ ಹುಡುಗಿಯ ಮಾತಾಗುತ್ತದೆ, ಫುಲ್ ಸ್ಟಾಪ್ ಸಮೇತ. ನನ್ನ ಕತೆಗಳಲ್ಲಿ ಬಡವರು ಯಾಕೆ ಅಷ್ಟು ಮೌನಿಗಳು ಎಂದು ಹಿಂದೊಮ್ಮೆ ಯಾರೋ ಕೇಳಿದ್ದರು. ಸಂಯಮ ಎಂದು ಉತ್ತರ ಕೊಟ್ಟಿದ್ದೆ, ನಾನೂ ನಂಬಿದ್ದೆ. ಹರೆಯದಲ್ಲಿ ಕೈಗೆ ಓಟವಿತ್ತು; ಬರದಿದ್ದುದನ್ನು ಮುಚ್ಚಲು ಬೇಕಾದಷ್ಟು ಮಳೆ, ಬೇಕಾದಷ್ಟು ಬೆಳದಿಂಗಳು ಸುರಿಸುತ್ತಿದ್ದೆ. ಈಗ ಮುಚ್ಚುವುದಕ್ಕೂ ಆಯಾಸ. ಆ ಕತೆ ತೆಗೆದುಬಿಡಿ ಎಂದು ಪ್ರಕಾಶಕರಿಗೆ ಫೋನ್ ಮಾಡಿದೆ. "ಅದೇ ನಿಮ್ಮ ಬೆಸ್ಟು ಮೇಡಂ" ಎಂದು ನಕ್ಕರು. ಇರಲಿ, ಅದರ ಪಕ್ಕ ಇದನ್ನೂ ಹಾಕಿ ಎಂದಿದ್ದೇನೆ.

ಕತೆ ಅಚ್ಚಾದ ಒಂದೆರಡು ವರ್ಷಕ್ಕೆ, ಅಪ್ಪ ಚನ್ನರಾಯಪಟ್ಟಣದಲ್ಲಿದ್ದಾಗ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡವ್ವ ಸಿಕ್ಕಳು. ಕಂಕುಳಲ್ಲಿ ಗಂಟು. ಮಗಳು ಮೂರನೆಯ ಬಾಣಂತನಕ್ಕೆ ಕರೆಸಿಕೊಂಡಿದ್ದಳಂತೆ. ಬಸ್ಸಿಗೆ ಜನ ಹತ್ತುತ್ತಿದ್ದರು.

"ನನ್ ಕತೆ ಪೇಪರ್ನಾಗೆ ಆಕ್ಸಿದ್ದೀಯಂತೆ. ನಿಮ್ಮವ್ವ ಯೋಳ್ತು."

"ಹೂಂ ದೊಡ್ಡವ್ವ."

"ಅದ್ರಾಗೆ ನಾನೇನಂತೀನಿ?"

ಒಂದು ಮಾತಿಗಾಗಿ ಮನಸ್ಸಿನಲ್ಲೇ ಇಡೀ ಕತೆಯನ್ನು ತಡಕಿದೆ. ಸಿಗಲಿಲ್ಲ. "ನೀನು ಮಾತಾಡಲ್ಲ. ಬಾಗಿಲಲ್ಲಿ ಮಳೆ ನೋಡ್ತಾ ಸುಮ್ಮನೆ ನಿಂತಿರ್ತೀಯ" ಅಂದೆ.

"ನಾನಾ?" ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮಳೆ ಬರ್ತಿದ್ರೆ ನೋಡ್ಕಂಡ್ ನಿಂತ್ಕಳಕೆ ನಂಗೇನ್ ಗೇಯ್ಮೆ ಇಲ್ವಾ? ಒಣಾಕಿದ್ ರಾಗಿ ಯಾರ್ ಎತ್ತಾರು, ನಿಮ್ಮಪ್ಪನಾ?"

ಆವತ್ತು ಮಳೆ ಕಾರಣವಲ್ಲ ದೊಡ್ಡವ್ವ ಎಂದು ಹೇಳಲು ಬಾಯಿ ತೆರೆದೆ. ಕಂಡಕ್ಟರ್ ಸೀಟಿ ಊದಿದ. ಆಕೆ ಗಂಟು ಮುಂದೆ ಎಸೆದು ಹತ್ತಿದಳು. ಸೀಟು ಹಿಡಿದವಳು ತಿರುಗಿ ನನ್ನ ಕಡೆ ನೋಡಲಿಲ್ಲ; ಪಕ್ಕದಲ್ಲಿದ್ದ ಹೆಂಗಸಿನ ತೋಳು ತಟ್ಟಿ ಆಗಲೇ ಹೇಳತೊಡಗಿದ್ದಳು, "ಕೇಳಿದ್ಯಾ ತಾಯಿ, ನಾನ್ ಮಾತಾಡಲ್ವಂತೆ..." ಬಸ್ಸು ದಂಡಿಗನಹಳ್ಳಿಯ ರಸ್ತೆಗೆ ತಿರುಗುವವರೆಗೂ ಕಿಟಕಿಯಲ್ಲಿ ಆಕೆಯ ಕೈ ಆಡುತ್ತಲೇ ಇತ್ತು.