ಕಂಡಕ್ಟರ್ ಮಾವನ ಕಿವಿ

ಕಂಡಕ್ಟರ್ ಮಾವನ ಬಲಗಿವಿಯ ಮೇಲೆ ಯಾವಾಗಲೂ ಒಂದು ನೀಲಿ ಪೆನ್ನು. ಅವರು ನಿವೃತ್ತರಾದರೂ ಪೆನ್ನು ಡ್ಯೂಟಿ ಬಿಟ್ಟಿರಲಿಲ್ಲ. ನಾನು ಕೊಟ್ಟ ಹೆಡ್‌ಫೋನನ್ನೂ ಅದರ ಮೇಲೆಯೇ ಹಾಕಿಕೊಳ್ಳುತ್ತಿದ್ದರು. ಅದು ತಲೆಯ ಮೇಲೆ ಓರೆಯಾಗಿ, ಈಗ ಬಿದ್ದೆ ಆಗ ಬಿದ್ದೆ ಎನ್ನುವಂತೆ ಕೂತಿರುತ್ತಿತ್ತು.

ಹಾಸನದಲ್ಲಿ ಅವರದು ನಮ್ಮ ಪಕ್ಕದ ಮನೆ. ನಾನು ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಐದನೇ ವರ್ಷ. 'ಇನ್ನೂ ಮುಗಿದಿಲ್ವಾ?' ಎಂದು ಕೇಳುವುದನ್ನು ನೆಂಟರೂ ಬಿಟ್ಟಿದ್ದರು. ನಮ್ಮ ಕಡೆಯ ಹಿರಿಯರು ಮಾತಾಡಿದ್ದನ್ನು ಕಂಪ್ಯೂಟರ್ ಕೇಳಿ ಬರೆದುಕೊಳ್ಳಬೇಕು, ಅದು ನನ್ನ ಸಂಶೋಧನೆ. ಊರೂರಿಗೆ ಹೋಗಿ ಧ್ವನಿ ಮುದ್ರಿಸುವವನು ನಾನು. ಕೇಳಿ ಅಕ್ಷರಕ್ಕಿಳಿಸುವವರು ಮಾವ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ರೂಟುಗಳಲ್ಲಿ ಆಯಸ್ಸು ಸವೆಸಿದವರು, ಬಾಯಿ ಬಿಟ್ಟವರು ಯಾವ ಸ್ಟಾಪಿನವರೆಂದು ಹೇಳಿಬಿಡುತ್ತಿದ್ದರು. "ಈವಮ್ಮ ದಂಡಿಗನಹಳ್ಳಿ ಕಡೇದು ಕಣ್ಲಾ. ಬರ್ಕೊ."

ನನಗಿದ್ದ ಒಂದೇ ವಿದ್ಯೆ ಅಣಕಿಸುವುದು. ಗೈಡು ಗಂಟಲು ಸರಿಮಾಡಿಕೊಂಡು "ನೋಡೋಣ, ನೋಡೋಣ" ಎನ್ನುವುದು, ಅವರೆದುರು ನಾನು ಕುರಿಯಂತೆ ತಲೆಯಾಡಿಸುವುದು, ಎರಡನ್ನೂ ಮಾಡಿ ತೋರಿಸುತ್ತಿದ್ದೆ. ಗೈಡು ಕೇಳಿದ್ದಕ್ಕೆ ಇನ್ನೂ ಏಳು ಧ್ವನಿ ಕಡಿಮೆಯಿತ್ತು. ಬಸ್ಸು ಹತ್ತಿ ಹೋದರೆ ಅಜ್ಜ ಹೊಲದಲ್ಲಿ, ಅಜ್ಜಿ ಮಗಳ ಮನೆಯಲ್ಲಿ. ಬೆನ್ನು, ತಲೆ, ಆಸೆ ಎಲ್ಲವೂ ಸೋತಿದ್ದವು. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ನಾನೇ ನಾಲ್ವರು ಅಜ್ಜಿಯರೂ ಮೂವರು ಅಜ್ಜಂದಿರೂ ಆದೆ.

ಮಾವ ಏಳನ್ನೂ ಕೊನೆತನಕ ಕೇಳಿದರು. ಹೆಡ್‌ಫೋನ್ ತೆಗೆದಿಟ್ಟರು.

"ಏಳು ಜನಾನೂ ನೀನೇ ಕಣ್ಲಾ."

"ಹೆಂಗೆ ಗೊತ್ತಾಯ್ತು ಮಾವ? ಧ್ವನಿ ಸರಿ ಬಂದಿಲ್ವಾ?"

"ಧ್ವನಿ ಅಂಗೇ ಅದೆ. ಒಬ್ರಾದ್ರೂ 'ಯಾರ ಮಗ್ನಪ್ಪಾ ನೀನು' ಅಂದ್ರಾ? ಅದ ಕೇಳ್ದೆ ಮಾತಿಗಿಳ್ದೋರ್ನ ಈ ರೂಟಲ್ಲಿ ನಾ ಕಾಣೆ."

ನಗಲು ನೋಡಿದೆ, ಬರಲಿಲ್ಲ. "ಸಾಕಾಗಿದೆ ಮಾವ. ಗೈಡಿಗೆ ಗೊತ್ತಾಗಲ್ಲ."

"ಗೊತ್ತಾಗಕ್ಕಿಲ್ಲ. ನಾಳೆ ಯಾವ್ದೋ ಮುದ್ಕಿ ಬಂದು ಮಾತಾಡ್ತದೆ. ನಿನ್ ಮಿಷಿನ್ನು ಅವ್ಳಲ್ಲೂ ನಿನ್ನೇ ಉಡುಕ್ತದೆ. ಅಳ್ಸಾಕು. ನಾನೂ ಬತ್ತೀನಿ."

ಅಳಿಸಿದೆ. ಗೈಡಿಗೆ ನಿಜ ಹೇಳಿದೆ. ಅವರು "ನೋಡೋಣ" ಎನ್ನಲಿಲ್ಲ. ಪ್ರಬಂಧ ಒಪ್ಪಿಸುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ಮಂಡಿನೋವಿನ ಮಾವ ನನ್ನೊಂದಿಗೆ ಬಸ್ಸು ಹತ್ತಿದರು. ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಮನೆಗೆ ಬಂದರೆ ಬಲು ಕಟ್ಟುನಿಟ್ಟು: ಧ್ವನಿಮುದ್ರಣದಲ್ಲಿ ಪಕ್ಕದವರ ಮಾತು ಒಂಚೂರು ಬಿದ್ದಿದ್ದರೂ ಪಟ್ಟಿಯಲ್ಲಿ ಆ ಧ್ವನಿಗೇ ನೀಲಿ ಪೆನ್ನಿನಿಂದ ಅಡ್ಡಗೆರೆ. "ತೆಗಿ ಇದ್ನ. ಕೇಳೋನ್ಗೆ ಗೊಂದಲ."

ಅರಕಲಗೂಡಿನ ಕೊನೆಯ ಧ್ವನಿಮುದ್ರಣಗಳನ್ನು ಕೇಳುವ ಮೊದಲೇ ಮಾವ ತೀರಿಕೊಂಡರು. ಅವನ್ನು ನಾನೊಬ್ಬನೇ ಕೇಳಿದೆ. ಒಂದರಲ್ಲಿ ಅಜ್ಜಿಯೊಬ್ಬರು ಮಾಮೂಲಿನಂತೆ ನಾನು ಯಾರ ಮಗನೆಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾವನ ಉತ್ತರ ಬಿದ್ದಿತ್ತು.

ಪಕ್ಕದವರ ಮಾತು. ಮಾವನ ಲೆಕ್ಕದಲ್ಲೇ ಅಡ್ಡಗೆರೆ. ಪ್ರಬಂಧದಿಂದ ಅದನ್ನು ತೆಗೆದೆ. ಒಂದು ಧ್ವನಿಗಾಗಿ ಮತ್ತೊಮ್ಮೆ ಬಸ್ಸು ಹತ್ತಿದೆ, ಒಬ್ಬನೇ, ಬಾಗಿಲ ಬಳಿ ನಿಂತು. ಕಂಪ್ಯೂಟರಿನಿಂದ ಮಾತ್ರ ತೆಗೆದಿಲ್ಲ. ತೀರಾ ದಣಿದ ದಿನ ಹೆಡ್‌ಫೋನ್ ಹಾಕಿಕೊಂಡು ಅಷ್ಟನ್ನೇ ಕೇಳುತ್ತೇನೆ:

"ನಮ್ಮುಡ್ಗನೇ ಕಣವ್ವಾ. ಮಾತಾಡು."